ಮಣ್ಣಿನ ಟೇಲ್ ಎಂಡ್

ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಹೆಂಗಸೊಬ್ಬರು ತೆಲುಗಿನಲ್ಲಿ "ಈ ಏಡು ಕೋತ ಎಕ್ಕುವ" ಅಂದರು. ಈ ವರ್ಷ ಕೋತ ಜಾಸ್ತಿ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಾನು ಸುಮ್ಮನಿರಲಾರದೆ, "ಒಳ್ಳೇದಾಯ್ತಲ್ಲ, ಎಕರೆಗೆ ಎಷ್ಟು ಚೀಲ ಬಂತಂತೆ?" ಎಂದು ಕೇಳಿಬಿಟ್ಟೆ. ಗೆಳೆಯ ನನ್ನ ಮುಖ ನೋಡಿದ. ಅವನ ಅಮ್ಮಮ್ಮ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ನನ್ನದು ತಪ್ಪಲ್ಲ. ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ ನಾನು. ಇಪ್ಪತ್ತೆರಡು ವರ್ಷದಿಂದ ತೂಕದ ಚೀಟಿ ಬರೆಯುತ್ತಿದ್ದೇನೆ. ಆಂಧ್ರದಿಂದ ಬಂದು ಇಲ್ಲಿ ನೆಲೆಸಿದ ಕ್ಯಾಂಪಿನ ರೈತರ ಬಾಯಲ್ಲಿ 'ವರಿ ಕೋತ' ಅಂದ್ರೆ ಭತ್ತದ ಕೊಯ್ಲು. ಕೋತ ಜಾಸ್ತಿ ಅಂದ್ರೆ ಲಾರಿ ಜಾಸ್ತಿ, ಹಮಾಲರಿಗೆ ಕೂಲಿ ಜಾಸ್ತಿ, ನನಗೆ ನಿದ್ದೆ ಕಮ್ಮಿ. ಆದರೆ ಫೋನಿನಲ್ಲಿದ್ದವರ ಊರು ಕೃಷ್ಣಾ ನದಿ ಸಮುದ್ರ ಸೇರುವ ದಿವಿಸೀಮೆಯಲ್ಲಿದೆ. ಅಲ್ಲಿ 'ಸಮುದ್ರಪು ಕೋತ' ಎಂದರೆ ಸಮುದ್ರ ನೆಲವನ್ನು ಕೊಯ್ದುಕೊಂಡು ಹೋಗುವುದು. ನಾವು ಕನ್ನಡದಲ್ಲಿ ಕಡಲ್ಕೊರೆತ ಅಂತೀವಲ್ಲ, ಅದು. ಒಂದೇ ಮಾತು. ನಮ್ಮ ಕಡೆ ಅದಕ್ಕೆ ಚೀಲದ ಲೆಕ್ಕ, ಅವರ ಕಡೆ ಮನೆಯ ಲೆಕ್ಕ.

ಕಡಲ್ಕೊರೆತ ಎಂಬ ಪದ ನನಗೆ ಬಂದದ್ದು ಟಿವಿಯಿಂದ. ಪ್ರತಿ ಜೂನ್ ತಿಂಗಳು ಉಳ್ಳಾಲ, ಸೋಮೇಶ್ವರ, ಮರವಂತೆ. ತೆಂಗಿನ ಮರ ಬೀಳೋದು, ಮಂತ್ರಿಗಳು ಬರೋದು, ಲಾರಿಯಿಂದ ಕಲ್ಲು ಸುರಿಯೋದು. ಕೊಪ್ಪಳ ಜಿಲ್ಲೆಯಲ್ಲಿ ಕೂತು ಅದನ್ನು ನೋಡುವಾಗ ಬೇರೆ ದೇಶದ ಸುದ್ದಿ ನೋಡಿದ ಹಾಗೆ ಇರುತ್ತಿತ್ತು. ನಮ್ಮಲ್ಲಿ ಬೇಕಾದಷ್ಟು ಬಿಸಿಲಿದೆ, ಬಂಡೆಯಿದೆ, ಸಮುದ್ರ ಒಂದಿಲ್ಲ. ಮತ್ತೆ ಇದಕ್ಕೂ ನಮಗೂ ಏನು ಸಂಬಂಧ?

ಸಂಬಂಧ ಇದೆ ಅಂತ ಗೊತ್ತಾಗಲು ನಾನು ರೈಲು ಹತ್ತಬೇಕಾಯಿತು.

ಅದಕ್ಕೂ ಮೊದಲು ಕ್ಯಾಂಪಿನ ಬಗ್ಗೆ ಎರಡು ಮಾತು. ತುಂಗಭದ್ರಾ ಡ್ಯಾಂ ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ ಜನ ಬಂದು ಗಂಗಾವತಿ, ಸಿಂಧನೂರು ಕಡೆ ಜಮೀನು ಹಿಡಿದರು. ಅವರು ಗುಡಿಸಲು ಹಾಕಿದ ಜಾಗಗಳೇ ಕ್ಯಾಂಪ್ ಆದವು. ಈಗ ಅಲ್ಲಿ ಎರಡಂತಸ್ತಿನ ಮನೆಗಳಿವೆ, ಹೆಸರು ಮಾತ್ರ ಇನ್ನೂ ಕ್ಯಾಂಪೇ. ಜೋಳ, ಹತ್ತಿ ಬೆಳೆಯುತ್ತಿದ್ದ ನಮ್ಮ ಹಿರಿಯರು ಮಡಿಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುವುದನ್ನು ಬಹುಮಟ್ಟಿಗೆ ಅವರನ್ನು ನೋಡಿ ಕಲಿತರು. ನಮ್ಮ ಪುಂಡಿಪಲ್ಲೆ, ಅವರ ಗೋಂಗೂರ. ಸೊಪ್ಪು ಒಂದೇ, ಯಾರದು ರುಚಿ ಎಂಬ ಜಗಳ ಮಾತ್ರ ಎಪ್ಪತ್ತು ವರ್ಷದಿಂದ ನಡೆದಿದೆ.

ಗೆಳೆಯನ ಅಮ್ಮಮ್ಮ ಹಾಗೆ ಬಂದವರು. ಅವರ ಅಕ್ಕ ದಿವಿಸೀಮೆಯಲ್ಲೇ ಉಳಿದರು. 1977ರ ನವೆಂಬರ್ 19ರಂದು ಚಂಡಮಾರುತ ಬಂತು. ಗಾಳಿಗಿಂತ ನೀರೇ ಹೆಚ್ಚು ಕೊಂದದ್ದು. ಮನೆಯೆತ್ತರದ ಅಲೆ ಹತ್ತು ಕಿಲೋಮೀಟರಿಗೂ ಹೆಚ್ಚು ಒಳಗೆ ನುಗ್ಗಿತು. ಸುಮಾರು ಹತ್ತು ಸಾವಿರ ಜನ ಸತ್ತರೆಂಬುದು ಸರ್ಕಾರದ ಲೆಕ್ಕ, ಊರಿನವರ ಲೆಕ್ಕ ಅದಕ್ಕಿಂತ ದೊಡ್ಡದು. ಆ ಅಲೆಗೆ ಅವರು 'ಉಪ್ಪೆನ' ಅನ್ನುತ್ತಾರೆ. ಅಮ್ಮಮ್ಮನ ಅಕ್ಕನ ಮನೆಯಲ್ಲಿ ಉಳಿದದ್ದು ಒಬ್ಬಳು ಮಗಳು. ಫೋನಿನಲ್ಲಿದ್ದವರು ಅವರೇ.

ಅಮ್ಮಮ್ಮ ಒಮ್ಮೆ ತಮ್ಮ ಕಲಬೆರಕೆ ಕನ್ನಡದಲ್ಲಿ ಹೇಳಿದ್ದರು: "ಉಪ್ಪೆನ ಒಂದು ರಾತ್ರಿ ಬಂತು, ಹೋಯ್ತು ಬಾಬು. ಕೋತ ಹಂಗಲ್ಲ. ಅದು ಬಡ್ಡಿ ಇದ್ದಂಗೆ. ನಾವು ಮಲಗಿದ್ರೂ ಅದು ದುಡೀತಾ ಇರ್ತದೆ."

ಹೋದ ವರ್ಷ, ಅಂದ್ರೆ 2025ರ ಫೆಬ್ರವರಿಯಲ್ಲಿ, ಆ ಮನೆಯಲ್ಲಿ ಮದುವೆ. ಗೆಳೆಯ ನನ್ನನ್ನೂ ಎಳೆದುಕೊಂಡು ಹೊರಟ. ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆವು. ಮುನಿರಾಬಾದ್ ದಾಟಿ ನದಿ ಮೇಲೆ ಬಂದಾಗ ಬೋಗಿಯಲ್ಲಿದ್ದವರೆಲ್ಲ ಡ್ಯಾಂ ಕಡೆಯ ಕಿಟಕಿಗೆ ಬಂದರು. ಎಲ್ಲರ ಕಣ್ಣೂ ಹತ್ತೊಂಬತ್ತನೇ ಗೇಟ್ ಹುಡುಕುತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ ಆ ಗೇಟಿನ ಚೈನು ಹರಿದು, ಗೇಟೇ ಕೊಚ್ಚಿಹೋಗಿತ್ತಲ್ಲ. ಅವತ್ತು ಕಾರಟಗಿಯಲ್ಲಿ ಯಾರೂ ಮಲಗಲಿಲ್ಲ. ತುಂಬಿದ ಡ್ಯಾಂ ಕಣ್ಣೆದುರೇ ಖಾಲಿಯಾಗುತ್ತಿದೆ, ನಾಟಿ ಮಾಡಿದ ಭತ್ತದ ಗತಿ ಏನು? ಒಂದು ವಾರದೊಳಗೆ ತಾತ್ಕಾಲಿಕ ತಡೆಗೆ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದಾಗ ಮಿಲ್ಲಿನ ಹಮಾಲರು ಪೇಡೆ ಹಂಚಿದರು.

ನೀರು ಹೋದದ್ದಕ್ಕೆ ಅಷ್ಟು ಅತ್ತೆವು. ಹೂಳು ನಿಂತದ್ದರ ಬಗ್ಗೆ? ಅದಕ್ಕೂ ಅಳುತ್ತೇವೆ, ಆದರೆ ನಮ್ಮ ಪಾಲಿಗೆ ಎಷ್ಟು ಬೇಕೋ ಅಷ್ಟೇ. ಕಟ್ಟಿದಾಗ ಡ್ಯಾಂನಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ 105.788. ಉಳಿದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಅದನ್ನು ಎತ್ತಲು ಆಗುವುದಿಲ್ಲ, ಬದಲಿಗೆ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟೋಣ ಎಂಬ ಮಾತು ಎಷ್ಟೋ ಚುನಾವಣೆಗಳಿಂದ ನಡೆದಿದೆ. ಈ 27 ಟಿಎಂಸಿ ಎಂದರೆ ನಮಗೆ ಕಳೆದುಹೋದ ನೀರು. ಅದು ಯಾರಿಗೋ ತಲುಪದೇ ಹೋದ ಮಣ್ಣು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಗುಮಾಸ್ತನ ಚಟ, ರೈಲಿನಲ್ಲೇ ಲೆಕ್ಕ ಹಾಕಿದೆ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರಾಲಿಗೆ ಮೂರು ಘನ ಮೀಟರ್ ಮಣ್ಣು ಅಂತ ಹಿಡಿದರೆ, ಡ್ಯಾಂನಲ್ಲಿರುವುದು 25 ಕೋಟಿ ಟ್ರಾಲಿಗಿಂತ ಜಾಸ್ತಿ. ದಿನಕ್ಕೆ ಸಾವಿರ ಟ್ರ್ಯಾಕ್ಟರ್, ಒಂದೊಂದಕ್ಕೆ ಹತ್ತು ಟ್ರಿಪ್ಪು, ಹಬ್ಬಕ್ಕೂ ರಜೆ ಇಲ್ಲ. ಆದರೂ ಎಪ್ಪತ್ತು ವರ್ಷ. ಡ್ಯಾಂ ಕಟ್ಟಿ ಎಷ್ಟು ವರ್ಷ ಆಯಿತೋ ಹೆಚ್ಚುಕಮ್ಮಿ ಅಷ್ಟೇ. ಎರಡು ಸಲ ಗುಣಿಸಿ ನೋಡಿದೆ. ಅದೇ ಬಂತು.

ವಿಜಯವಾಡದಲ್ಲಿ ಇಳಿದು ಬಸ್ಸು ಹಿಡಿದು ಅವನಿಗಡ್ಡದ ಕಡೆ ಹೊರಟೆವು. ಪುಲಿಗಡ್ಡದ ಹತ್ತಿರ ಕೃಷ್ಣೆ ಕವಲಾಗುತ್ತಾಳೆ. ಆ ಕವಲುಗಳ ನಡುವಿನ ನೆಲವೇ ದಿವಿಸೀಮೆ. ದಾರಿಯುದ್ದಕ್ಕೂ ಭತ್ತ, ಆಮೇಲೆ ಸೀಗಡಿ ಹೊಂಡಗಳು, ಆಮೇಲೆ ಏನೂ ಇಲ್ಲದ ಬೂದು ಬಯಲು. ಸಣ್ಣಗೆ ಉಪ್ಪಿನ ವಾಸನೆ. ಬಯಲಿನ ಮೇಲೆ ಬಿಳಿ ಪುಡಿ ಕೂತದ್ದು ನೋಡಿ ನನಗೆ ನಮ್ಮ ಸವಳು ಭೂಮಿ ನೆನಪಾಯಿತು. ನಾವು ನೀರು ಜಾಸ್ತಿ ಕೊಟ್ಟು ಉಪ್ಪನ್ನು ಮೇಲೆ ತಂದೆವು. ಅವರಿಗೆ ನದಿ ನೀರು ಕಮ್ಮಿಯಾಗಿ ಸಮುದ್ರದ ಉಪ್ಪು ಒಳಗೆ ಬಂತು. ಎರಡೂ ಕಡೆ ನಾಲಿಗೆಗೆ ಒಂದೇ ರುಚಿ. ಹೌದು, ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿದೆ. ಗೆಳೆಯ ಬೈದ.

ಮದುವೆ ಮರುದಿನ ಊರಿನವರೊಬ್ಬರು ದಂಡೆಗೆ ಕರೆದುಕೊಂಡು ಹೋದರು. ಐವತ್ತು ದಾಟಿದ ಮೀನುಗಾರ, ಮದುಮಗಳಿಗೆ ಸೋದರಮಾವ ಆಗಬೇಕು. ಸಮುದ್ರ ನೋಡಿದ ಸಂಭ್ರಮ ನನಗೆ ಎರಡೇ ನಿಮಿಷ ಇತ್ತು. ಆಮೇಲೆ ಆ ಬಾವಿ ಕಂಡಿತು.

ಬಾವಿ ಅಂದ್ರೆ ಬಗ್ಗಿ ನೋಡುವಂಥದ್ದು, ಅಲ್ವಾ? ಇದನ್ನು ತಲೆ ಎತ್ತಿ ನೋಡಬೇಕಿತ್ತು. ಸಿಮೆಂಟ್ ಉಂಗುರಗಳನ್ನು ಒಂದರ ಮೇಲೊಂದು ಇಟ್ಟು ಇಳಿಸಿದ್ದ ಬಾವಿ. ಸುತ್ತಲಿನ ಮರಳು ಹೋಗಿ, ಉಂಗುರಗಳು ಮಾತ್ರ ಇಟ್ಟಿಗೆ ಗೂಡಿನ ಚಿಮಣಿ ಹಾಗೆ ನೀರಿನಂಚಿನಲ್ಲಿ ನಿಂತಿದ್ದವು. ನನ್ನ ಎದೆಮಟ್ಟಕ್ಕಿಂತ ಎತ್ತರ. ಉಂಗುರದ ಹೊರಮೈಗೆ ಚಿಪ್ಪು ಹತ್ತಿಕೊಂಡಿತ್ತು. ಮೇಲಿನ ಉಂಗುರದ ಒಳಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳು ಇನ್ನೂ ಇದ್ದವು. ನಾಲ್ಕು ಬೆರಳು ಇಟ್ಟರೆ ನಾಲ್ಕು ಗೆರೆಯಲ್ಲಿ ಸರಿಯಾಗಿ ಕೂರುತ್ತಿದ್ದವು. ಅಲೆ ಬಂದಾಗ ಒಳಗಿಂದ ಗುಳುಗುಳು ಸದ್ದು. ಬಾವಿಯ ಹಿಂದೆ ಯಾರ ಮನೆ ಇತ್ತು, ಮುಂದೆ ಯಾರ ಮನೆ ಇತ್ತು ಅಂತ ಆತ ನೀರಿನ ಕಡೆ ಕೈ ತೋರಿಸಿ ಹೇಳುತ್ತಾ ಹೋದರು. ನಾನು ಅಲೆಗಳನ್ನು ನೋಡುತ್ತಾ ತಲೆಯಾಡಿಸುತ್ತಿದ್ದೆ. "ದೇವರನ್ನ ಮೂರು ಸಲ ಹಿಂದಕ್ಕೆ ತಂದಿದ್ದೀವಿ. ನಾಲ್ಕನೇ ಸಲಕ್ಕೆ ಜಾಗ ನಮ್ಮದಲ್ಲ, ಸೀಗಡಿ ಹೊಂಡದವರದು" ಅಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ನನಗೇ ಇದು ತಡವಾಗಿ ತಿಳಿದದ್ದು. ದಂಡೆಯ ಮರಳು ಅಲ್ಲೇ ಹುಟ್ಟಿ ಅಲ್ಲೇ ಇರುವುದಲ್ಲ. ಅದು ನಡೆಯುತ್ತಿರುತ್ತದೆ. ಅಲೆ ಓರೆಯಾಗಿ ಬಂದು ಬಡಿಯುತ್ತದೆ, ಮರಳು ದಂಡೆಯುದ್ದಕ್ಕೂ ಒಂದಿಷ್ಟು ಸರಿಯುತ್ತದೆ. ಆಂಧ್ರದ ಕರಾವಳಿಯಲ್ಲಿ ವರ್ಷದ ಲೆಕ್ಕದಲ್ಲಿ ಈ ನಡಿಗೆ ಉತ್ತರದ ಕಡೆಗೇ ಜಾಸ್ತಿ. ಹೋದಷ್ಟು ಮರಳನ್ನು ನದಿ ತಂದು ಹಾಕುತ್ತಿದ್ದರೆ ದಂಡೆ ಇದ್ದಲ್ಲೇ ಇರುತ್ತದೆ, ಇನ್ನೂ ಜಾಸ್ತಿ ತಂದರೆ ಮುಂದಕ್ಕೆ ಬೆಳೆಯುತ್ತದೆ. ದಿವಿಸೀಮೆ ಬೆಳೆದದ್ದೇ ಹಾಗೆ, ಕೃಷ್ಣೆ ಸಾವಿರಾರು ವರ್ಷ ಹೊತ್ತು ತಂದ ಮಣ್ಣಿನಿಂದ. ಅಂಥ ನೆಲಕ್ಕೆ ಇನ್ನೊಂದು ಗುಣ ಇದೆ. ಹೊಸದಾಗಿ ಪೇರಿಸಿದ ಹುಲ್ಲಿನ ಬಣವಿ ಕೂತ ಹಾಗೆ ಅದು ತನ್ನ ಭಾರಕ್ಕೇ ನಿಧಾನ ಕುಸಿಯುತ್ತದೆ. ಮೇಲೆ ಹೊಸ ಮಣ್ಣು ಬೀಳುತ್ತಲೇ ಇರಬೇಕು. ಬೀಳದಿದ್ದರೆ ಸಮುದ್ರ ಏರಬೇಕಾಗಿಯೇ ಇಲ್ಲ, ನೆಲವೇ ಇಳಿಯುತ್ತದೆ. ಸಮುದ್ರ ಏರುತ್ತಿರುವುದೂ ನಿಜ. ಹಿಂದೂ ಮಹಾಸಾಗರದ ನಮ್ಮ ಭಾಗದಲ್ಲಿ 1993ರಿಂದೀಚೆಗೆ ವರ್ಷಕ್ಕೆ ಮೂರು ಮಿಲಿಮೀಟರ್ ಚಿಲ್ಲರೆ. ಒಂದು ಸೋನಾ ಮಸೂರಿ ಅಕ್ಕಿಕಾಳಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೇಳಲು ಏನೂ ಅಲ್ಲ. ಆದರೆ ಚಪ್ಪಟೆ ನೆಲದಲ್ಲಿ ಅಂಗುಲ ನೀರು ಎಷ್ಟು ದೂರ ಹರಿಯುತ್ತದೆ ಅಂತ ಭತ್ತದ ಗದ್ದೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಸ ಮಣ್ಣು ಈಗ ಎಷ್ಟು ಬರುತ್ತಿದೆ? 1966–69ರ ಸುಮಾರಿಗೆ ಕೃಷ್ಣೆ ಮುಖಜಭೂಮಿಗೆ ವರ್ಷಕ್ಕೆ 90 ಲಕ್ಷ ಟನ್ ಮಣ್ಣು ತರುತ್ತಿತ್ತು. 2000–2005ರ ಹೊತ್ತಿಗೆ ಅದು 4 ಲಕ್ಷ ಟನ್. ನೂರು ಚೀಲ ಬರುತ್ತಿದ್ದಲ್ಲಿ ನಾಲ್ಕೈದು ಚೀಲ. ಮಿಲ್ಲಿನಲ್ಲಿ ಹೀಗಾದರೆ ಮಾಲೀಕರು ಮೊದಲು ಗುಮಾಸ್ತನನ್ನೇ ಹಿಡಿಯುತ್ತಾರೆ.

ತಪ್ಪೆಲ್ಲ ನಮ್ಮ ಡ್ಯಾಂದು ಅಂತ ಹೇಳುತ್ತಿಲ್ಲ. ಆ 90 ಲಕ್ಷದ ಲೆಕ್ಕವೇ ನಮ್ಮ ಡ್ಯಾಂ ಕಟ್ಟಿ ಹದಿಮೂರು ವರ್ಷವಾದ ಮೇಲಿನದು. ಆಮೇಲೆ ನಾಗಾರ್ಜುನಸಾಗರ ಬಂತು, ಶ್ರೀಶೈಲ ಬಂತು, ನಾರಾಯಣಪುರ, ಆಲಮಟ್ಟಿ ಬಂದವು. ಇವತ್ತು ನಾವು ಮುನಿರಾಬಾದಿನಿಂದ ಹೂಳು ಬಿಟ್ಟರೂ ಅದು ಶ್ರೀಶೈಲದಲ್ಲಿ ಹೋಗಿ ಕೂರುತ್ತದೆ. ಡ್ಯಾಂ ದಾಟಿ ಉಳಿದ ಮರಳನ್ನು ಟಿಪ್ಪರ್‌ಗಳು ನೋಡಿಕೊಳ್ಳುತ್ತವೆ. ರಾತ್ರಿ ಹನ್ನೊಂದರ ಮೇಲೆ ನಮ್ಮ ಕಡೆಯ ನದಿ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು. ಬಳ್ಳಾರಿಯ ಅದಿರು ಬೇಲೆಕೇರಿವರೆಗೆ ಹೋಗಿ ಹಡಗು ಹತ್ತಿತು. ಮರಳಿಗೆ ಆ ಭಾಗ್ಯ ಇಲ್ಲ. ಅದು ಬೆಂಗಳೂರಿನ ಸ್ಲ್ಯಾಬಿಗೇ ಸೈ.

ಇಷ್ಟೆಲ್ಲ ಕೇಳಿದ ಮೇಲೆ ಗೆಳೆಯ ಒಂದು ಮಾತು ಹೇಳಿದ. "ಇವರು ಟೇಲ್ ಎಂಡ್‌ನವರು ಕಣೋ."

ಟೇಲ್ ಎಂಡ್ ಅಂದ್ರೆ ಕಾಲುವೆಯ ಕಟ್ಟಕಡೆ, ನೀರು ಕೊನೆಗೆ ತಲುಪುವ ಜಾಗ. ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ನಮ್ಮ ಕಾಲುವೆ 226 ಕಿಲೋಮೀಟರ್. ಮೇಲ್ಭಾಗದವರು ಎರಡು ಬೆಳೆ ಭತ್ತ ತೆಗೆಯುತ್ತಾರೆ, ಪಂಪ್ ಇಟ್ಟು ಎತ್ತುತ್ತಾರೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರು ಪ್ರತಿ ವರ್ಷ ರಸ್ತೆಗೆ ಕೂತು "ಗೇಜ್ ಕೊಡಿ" ಅನ್ನುತ್ತಾರೆ, ಅಂದ್ರೆ ಕಾಲುವೆಯಲ್ಲಿ ನಿಗದಿಯಾದಷ್ಟು ನೀರಿನ ಮಟ್ಟ. ಕಾರಟಗಿಯವರಾದ ನಾವು ಹೆಚ್ಚುಕಮ್ಮಿ ಮೇಲ್ಭಾಗದವರು. ಅವರ ಪ್ರತಿಭಟನೆ ಪೇಪರಿನಲ್ಲಿ ಓದಿ ಪುಟ ತಿರುಗಿಸಿದ್ದೇವೆ. ಮಣ್ಣಿನ ಲೆಕ್ಕದಲ್ಲಿ ಕಡಲ ದಂಡೆಯೇ ಕಟ್ಟಕಡೆಯ ಟೇಲ್ ಎಂಡ್. ವ್ಯತ್ಯಾಸ ಏನಂದ್ರೆ ಇವರಿಗೆ ಯಾವ ರಸ್ತೆಗೆ ಕೂರಬೇಕು ಅಂತಲೂ ಗೊತ್ತಿಲ್ಲ.

ದಂಡೆಯಲ್ಲಿ ಪರಿಹಾರ ಅಂದ ಕೂಡಲೆ ಎಲ್ಲರೂ ಕೇಳುವುದು ಕಲ್ಲಿನ ಗೋಡೆ. ನಾನೂ ಅದನ್ನೇ ಕೇಳಿದೆ. ಮೀನುಗಾರ ನಕ್ಕು, "ಹಾಕಿದ ಊರಿಗೆ ಒಳ್ಳೇದು, ಪಕ್ಕದ ಊರಿಗೆ ಕೇಡು" ಅಂದರು. ಗೋಡೆ ಅಲೆಯನ್ನು ತಡೆಯುತ್ತದೆ, ಮರಳಿನ ನಡಿಗೆಯನ್ನೂ ಕೆಡಿಸುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಶುರು. ಎದುರಿನ ಮರಳು ಹೋಗಿ ದೋಣಿ ಎಳೆಯಲು ಜಾಗವೇ ಇರುವುದಿಲ್ಲ. ಬಂದರಿಗೆ ಅಲೆ ಬಡಿಯದ ಹಾಗೆ ಕಡಲೊಳಗೆ ಕಟ್ಟುವ ಒಡ್ಡು, ಅಂದ್ರೆ ಬ್ರೇಕ್‌ವಾಟರ್ ಕೂಡ ಅಷ್ಟೆ. ಪುದುಚೇರಿಯ ದಂಡೆ ಮಾಯವಾದದ್ದು ಹಾಗೆ. ಅಲ್ಲಿ 2018–19ರಲ್ಲಿ ನೀರಿನಡಿ ಕೃತಕ ದಿಬ್ಬ ಕೂರಿಸಿ, ಮರಳು ತಂದು ಸುರಿದ ಮೇಲೆ ಒಂದಿಷ್ಟು ದಂಡೆ ವಾಪಸ್ ಬಂತು. ನಮ್ಮ ಉಳ್ಳಾಲದಲ್ಲೂ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಇಂಥ ದಿಬ್ಬಗಳನ್ನು ಹಾಕಿದ್ದಾರೆ. ವಿಶಾಖಪಟ್ಟಣದಲ್ಲಿ ಬಂದರಿನ ಬಳಿ ಸಿಕ್ಕಿಬೀಳುವ ಮರಳನ್ನು ಹೂಳೆತ್ತುವ ಹಡಗಿನಲ್ಲಿ ತೆಗೆದು ಊರಿನ ಬೀಚಿಗೆ ಹಾಕುತ್ತಾರೆ. ಬೀಚಿಗೆ ಪ್ರವಾಸಿಗರು ಬರುತ್ತಾರೆ, ಹಾಗಾಗಿ ದುಡ್ಡೂ ಬರುತ್ತದೆ. ದಿವಿಸೀಮೆಯ ಈ ಊರಿಗೆ ಪ್ರವಾಸಿ ಅಂತ ಬಂದವನು ನಾನೊಬ್ಬನೇ ಇರಬೇಕು.

ಆ ಊರಿನವರು ಕೈ ಕಟ್ಟಿ ಕೂತಿಲ್ಲ ಅನ್ನುವುದನ್ನೂ ಬರೆಯಬೇಕು. ಕೃಷ್ಣೆಯ ಮಡ ಅಡವಿ, ನಮ್ಮ ಕರಾವಳಿಯವರು ಕಾಂಡ್ಲಾ ಅನ್ನುವ ಗಿಡಗಳ ಕಾಡು, ಎಷ್ಟೋ ಕಡೆ ಒಣಗಿತ್ತು. ಅಲ್ಲಿ ಹಳ್ಳಿಯವರು ಸೇರಿ ಮೀನಿನ ಮುಳ್ಳಿನ ಹಾಗೆ ಕಾಲುವೆ ತೋಡಿದ್ದಾರೆ. ನಡುವೆ ಒಂದು ದೊಡ್ಡದು, ಎರಡೂ ಕಡೆ ಓರೆಯಾಗಿ ಸಣ್ಣವು. ಉಬ್ಬರದ ನೀರು ಎಲ್ಲ ಮೂಲೆಗೂ ಹೋಗಿ ಬರುತ್ತದೆ, ನೆಲದ ಅತಿ ಉಪ್ಪು ತೊಳೆದು ಸಸಿ ಹಿಡಿಯುತ್ತದೆ. ಪಕ್ಕಾ ನಮ್ಮ ಹೊಲಗಾಲುವೆ. ಗೆಳೆಯನಂತೂ ಒಂದು ಕಾಲುವೆ ಬಾಯಿ ಮುಚ್ಚಿದ್ದು ನೋಡಿ ಪ್ಯಾಂಟ್ ಮಡಚಿ ಇಳಿದೇಬಿಟ್ಟ. ಮಂಡಿವರೆಗೆ ಕೆಸರು, ಮದುವೆಗೆ ಹೊಲಿಸಿದ ಪ್ಯಾಂಟು.

ಚಂಡಮಾರುತಕ್ಕೂ ಅವರು ಕಲಿತಿದ್ದಾರೆ. 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ದೊಡ್ಡ ಚಂಡಮಾರುತ ಬಡಿದಾಗ ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರು ಸಾವಿರದೊಳಗೆ. 1977ರ ಮುಂದೆ ಇಟ್ಟು ನೋಡಿದರೆ ಎಷ್ಟು ಜೀವ ಉಳಿದವು! ಈಗ ಪ್ರತಿ ಊರಿನವರಿಗೂ ಯಾವ ಕಟ್ಟಡಕ್ಕೆ ಓಡಬೇಕು ಅಂತ ಗೊತ್ತು. ಕೋತಕ್ಕೆ ಮಾತ್ರ ಸೈರನ್ ಇಲ್ಲ. ಯಾವ ದಿನ ಮನೆ ಬಿಡಬೇಕು, ಬಿಟ್ಟರೆ ಎಲ್ಲಿಗೆ, ಜಾಗಕ್ಕೆ ಪಟ್ಟಾ ಯಾರು ಕೊಡುತ್ತಾರೆ? 15ನೇ ಹಣಕಾಸು ಆಯೋಗ 2021–26ಕ್ಕೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆ ಕಳಕೊಂಡವರನ್ನು ಬೇರೆಡೆ ನೆಲೆಗೊಳಿಸಲು 1,000 ಕೋಟಿ ಇಡಬೇಕು ಅಂದಿತ್ತು. ಇಡೀ ದೇಶದ ನದಿ ದಂಡೆ, ಕಡಲ ದಂಡೆ ಎಲ್ಲ ಸೇರಿ. ದೇಶದ ಕಡಲ ದಂಡೆಯಲ್ಲಿ ಮೂರರಲ್ಲಿ ಒಂದು ಪಾಲು ಕೊರೆಯುತ್ತಿದೆ ಅಂತ ಸರ್ಕಾರದ್ದೇ ಸಮೀಕ್ಷೆ ಇದೆ. ಹಂಚಿ ನೋಡಿಕೊಳ್ಳಿ.

ಊರು ಎತ್ತಿ ಇಡುವ ಮಾತು ಬಂದಾಗ ನನಗೆ ನನ್ನ ಅಜ್ಜಿ ನೆನಪಾದಳು. ತುಂಗಭದ್ರಾ ಹಿನ್ನೀರಿನಲ್ಲಿ ತೊಂಬತ್ತರಷ್ಟು ಹಳ್ಳಿ ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೊರಟರು. ಅಜ್ಜಿಯ ತವರು ಅವುಗಳಲ್ಲಿ ಒಂದು. ಅವಳು ಯಾವತ್ತೂ ಪರಿಹಾರದ ದುಡ್ಡಿನ ಬಗ್ಗೆ ದೂರಲಿಲ್ಲ. ದೂರಿದ್ದು ಒಂದೇ, ಹೊಸ ಊರಿನಲ್ಲಿ ಓಣಿಗಳನ್ನು ಚೀಟಿ ಎತ್ತಿ ಹಂಚಿದರಂತೆ. ಎದುರು ಮನೆಯವರು ಊರ ಆ ತುದಿಗೆ ಹೋದರು. ಸಾಯುವವರೆಗೂ ಅವಳು ಸಂಜೆ ಕಟ್ಟೆಗೆ ಕೂತು ಎದುರಿನ ಮನೆಯನ್ನು 'ಅವರ ಮನಿ' ಅಂತಲೇ ಅಂದಳು, ಹೆಸರು ಹಿಡಿಯಲಿಲ್ಲ. ದಿವಿಸೀಮೆಯಲ್ಲಿ ಇದನ್ನು ಹೇಳಿದೆ. ಮೀನುಗಾರ ಬಹಳ ಹೊತ್ತು ಸುಮ್ಮನಿದ್ದು, "ನಮಗೆ ಕೊಡೋದಾದ್ರೆ ಓಣಿ ಸಮೇತ ಕೊಡಲಿ" ಅಂದರು.

ಅಮೆರಿಕದಲ್ಲಿ ಎಲ್ವಾ ಎಂಬ ನದಿಯ ಎರಡು ಹಳೆ ಡ್ಯಾಂಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದರು. ನದಿ ಹಿಡಿದಿಟ್ಟಿದ್ದ ಮಣ್ಣನ್ನೆಲ್ಲ ಹೊತ್ತು ಹೋಗಿ ಸಮುದ್ರದ ಬಾಯಲ್ಲಿ ಹೊಸ ದಂಡೆ ಕಟ್ಟಿತು. ಓದಲು ಚೆನ್ನಾಗಿದೆ. ಆದರೆ ಈ ಬರಹ ಓದಿ ನಾನು ತುಂಗಭದ್ರಾ ಡ್ಯಾಂ ಒಡೆಯಿರಿ ಅಂತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಸಂಬಳ ಆ ನೀರಿನಿಂದ ಬರುತ್ತದೆ. ಅಮ್ಮಮ್ಮನ ಮನೆಯ ಎರಡನೇ ಅಂತಸ್ತೂ ಆ ನೀರಿನಿಂದಲೇ ಬಂದದ್ದು. ಚೀನಾದಲ್ಲಿ ಹಳದಿ ನದಿಯ ಷಿಯಾವ್‌ಲಾಂಗ್‌ಡಿ ಡ್ಯಾಂನಿಂದ 2002ರಿಂದೀಚೆಗೆ ಬೇಕೆಂದೇ ರಭಸದಿಂದ ನೀರು ಬಿಟ್ಟು ಹೂಳನ್ನು ಸಮುದ್ರಕ್ಕೆ ತಳ್ಳುತ್ತಾರೆ. ನಮ್ಮಲ್ಲಿ ಸಾಲು ಸಾಲು ಡ್ಯಾಂ, ಮೂರು ರಾಜ್ಯ, ಸಾಲದ್ದಕ್ಕೆ ನ್ಯಾಯಮಂಡಳಿ. ನೀರಿಗೆ ಪಾಲು ಬರೆದಿಟ್ಟಿದ್ದೇವೆ. ಮಣ್ಣಿಗೆ ಪಾಲು ಕೇಳಿದವರನ್ನು ನಾನಂತೂ ಕಂಡಿಲ್ಲ.

ಮೇ ತಿಂಗಳಲ್ಲಿ ಡ್ಯಾಂ ನೀರು ಇಳಿದಾಗ ಗೆಳೆಯ ಹೊಲಕ್ಕೆ ಹಾಕಲು ಹಿನ್ನೀರಿನ ಅಂಚಿನಿಂದ ಹೂಳು ತರಿಸಿದ. ಕಪ್ಪು ಮಣ್ಣು, ಒಣಗಿ ಬಿಲ್ಲೆ ಬಿಲ್ಲೆಯಾಗಿ ಒಡೆದಿತ್ತು. ಮುರಿದರೆ ಒಳಗೆ ತಣ್ಣಗೆ. ಅಮ್ಮಮ್ಮನನ್ನು ಕುರ್ಚಿ ಹಾಕಿ ಬದುವಿನ ಮೇಲೆ ಕೂರಿಸಿದ್ದೆವು. ಅವರು ಒಂದು ಬಿಲ್ಲೆ ಎತ್ತಿಕೊಂಡು ಎರಡು ಬೆರಳ ನಡುವೆ ಪುಡಿ ಮಾಡಿ, "ಇದು ನಮ್ಮ ಕಡೆ ಮಣ್ಣಿನ ಹಂಗೇ ಅದೆ" ಅಂದರು. ಇರಬಹುದು. ಅಲ್ಲಿಗೆ ಹೊರಟದ್ದೇ ಇದು.

ಟ್ರ್ಯಾಕ್ಟರ್ ಡ್ರೈವರ್ ಯಲಬುರ್ಗಾ ಕಡೆಯ ಹುಡುಗ. ಊಟದ ಹೊತ್ತಿಗೆ ಅವನಿಗೆ ನನ್ನ ಲೆಕ್ಕ ಎಲ್ಲ ಹೇಳಿದೆ. 25 ಕೋಟಿ ಟ್ರಾಲಿ, ದಿನಕ್ಕೆ ಸಾವಿರ ಗಾಡಿ, ಎಪ್ಪತ್ತು ವರ್ಷ, ಇಲ್ಲಿಂದ ಸಮುದ್ರದವರೆಗೆ. ರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿದ. ಕೈ ತೊಳೆದುಕೊಂಡ. ಆಮೇಲೆ ನನ್ನ ಜೇಬಿನ ಪೆನ್ನಿನ ಕಡೆ ನೋಡಿ ಕೇಳಿದ:

"ಅಷ್ಟು ದೂರಕ್ಕ ಡೀಸೆಲ್ ಯಾರ್ ಹಾಕ್ಸತಾರ್ರಿ ಸರ?"